ಚಳಿಗಾಲದಲ್ಲಿ ಮೀನು ಎಲ್ಲಿರುತ್ತೆ? ಹಡ್ಸನ್‌ನಿಂದ ನರ್ಮದೆಯವರೆಗೆ ಒಂದೇ ಪ್ರಶ್ನೆ

ಅಹಮದಾಬಾದಿನ ನವರಂಗಪುರದಲ್ಲಿ ಕೂತು ಮೀನಿನ ಬಗ್ಗೆ ಮಾತಾಡಬೇಕಾದರೆ ಸ್ವಲ್ಪ ದನಿ ತಗ್ಗಿಸಬೇಕು. ನಾನು ಇಲ್ಲಿ ಬಾಡಿಗೆ ಮನೆ ನೋಡೋಕೆ ಬಂದ ದಿನ ಕೇಳಿದ ಮೊದಲ ಪ್ರಶ್ನೆ ಅಡ್ವಾನ್ಸ್ ಬಗ್ಗೆ ಅಲ್ಲ, ಅಡುಗೆ ಬಗ್ಗೆ. ಕುಂದಾಪುರದ ಕಡೆಯವನಾದ ನಾನು ಅವತ್ತು ಏನು ಉತ್ತರ ಕೊಟ್ಟೆ ಅನ್ನೋದನ್ನ ಇಲ್ಲಿ ಹೇಳಲ್ಲ. ಕಿಟಕಿ ಮುಚ್ಚಿಯೇ ಈ ಮಾತು ರೆಕಾರ್ಡ್ ಮಾಡ್ತಿದೀನಿ ಅಂದ್ಕೊಳ್ಳಿ.

ಇವತ್ತಿನ ಕಥೆ ಶುರುವಾಗಿದ್ದು ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ. ಅಲ್ಲಿ ಒಬ್ಬರು ಸಿಂಧಿ ಹಿರಿಯರಿದ್ದಾರೆ. ಎಲ್ಲರೂ ಅವರನ್ನ ದಾದಾ ಅಂತಾರೆ, ನಾನೂ ಹಾಗೇ ಕರೀತೀನಿ. ದೇಶ ವಿಭಜನೆಯಾದಾಗ ಅವರ ಅಪ್ಪ ಸಿಂಧ್ ಬಿಟ್ಟು ಬಂದವರು. ಮನೆಯ ನಡುಕೋಣೆಯಲ್ಲಿ ಝೂಲೇಲಾಲರ ಪಟ. ಬಿಳಿ ಗಡ್ಡ, ಕೈಯಲ್ಲಿ ಗ್ರಂಥ, ನದಿಯ ನಡುವೆ ಕೂತಿದ್ದಾರೆ. ಯಾವುದರ ಮೇಲೆ? ಒಂದು ಮೀನಿನ ಮೇಲೆ. ಶಾಕಾಹಾರಿ ಸೊಸೈಟಿಯ ನಟ್ಟನಡುವೆ ಮೀನಿಗೆ ದಿನಾ ಊದುಬತ್ತಿ ಹಚ್ಚೋದನ್ನ ನೋಡಿ ನನಗೆ ಖುಷಿಯಾಯ್ತು.

"ಇದು ಯಾವ ಮೀನು ದಾದಾ?" ಅಂದೆ.

"ಪಲ್ಲಾ. ನಿನಗೆ ಹಿಲ್ಸಾ ಅಂದರೆ ಗೊತ್ತಾಗುತ್ತೆ."

ಸಿಂಧೂ ನದಿಯಲ್ಲಿ ಪ್ರವಾಹ ಬಂದಾಗ ಪಲ್ಲಾ ಸಮುದ್ರದಿಂದ ನೀರಿಗೆ ಎದುರಾಗಿ ಸುಕ್ಕೂರಿನ ಜಿಂದಾಪೀರರ ದರ್ಶನಕ್ಕೆ ಹೋಗುತ್ತೆ ಅಂತ ಅವರಲ್ಲಿ ನಂಬಿಕೆ. ದರ್ಶನ ಆದ ಮೇಲೇ ಅದಕ್ಕೆ ರುಚಿ ಬರೋದಂತೆ. "ಸರಿ, ದರ್ಶನ ಮುಗಿಸಿ ಎಲ್ಲಿಗೆ ಹೋಗುತ್ತೆ? ಉಳಿದ ತಿಂಗಳು ಎಲ್ಲಿರುತ್ತೆ?" ಅಂತ ಕೇಳಿದೆ. ದಾದಾ ನಕ್ಕುಬಿಟ್ಟರು. "ಅದನ್ನ ಯಾರು ಕೇಳ್ತಾರಪ್ಪ? ಕಂಡಾಗ ಹಿಡೀತಾರೆ, ಕಾಣದಿದ್ದಾಗ ಮರೀತಾರೆ."

ನಮ್ಮೂರಲ್ಲೂ ಅದೇ ತಾನೆ? ಬಂಗುಡೆ, ಬೈಗೆ ಒಂದು ವರ್ಷ ದೋಣಿ ತುಂಬಾ ಬರುತ್ತೆ, ಇನ್ನೊಂದು ವರ್ಷ ಪತ್ತೆಯೇ ಇಲ್ಲ. "ಆಳಕ್ಕೆ ಹೋಗಿದೆ" ಅಂತ ಹಿರಿಯರು ಹೇಳ್ತಿದ್ರು. ಆ ಮಾತನ್ನ ಬಿಚ್ಚಿ ನೋಡೋಕೆ ಯಾರೂ ಹೋಗ್ತಿರಲಿಲ್ಲ. ಆದರೆ ಚರಿತ್ರೆಯಲ್ಲಿ ಒಂದು ಸಲ ಇದೇ ಪ್ರಶ್ನೆ, ಮೀನು ನಮ್ಮ ಕಣ್ಣಿಗೆ ಬೀಳದ ತಿಂಗಳಲ್ಲಿ ಎಲ್ಲಿರುತ್ತೆ ಅನ್ನೋ ಪ್ರಶ್ನೆ, ನೂರಾರು ಕೋಟಿ ಡಾಲರಿನ ಒಂದು ಹೆದ್ದಾರಿಯನ್ನೇ ನಿಲ್ಲಿಸಿತು. ಅದು ನಡೆದದ್ದು ನ್ಯೂಯಾರ್ಕಿನಲ್ಲಿ. ಮೊದಲು ಅದನ್ನ ಹೇಳ್ತೀನಿ, ಆಮೇಲೆ ಮನೆಗೆ ವಾಪಸ್ ಬರೋಣ.

ಆ ಮೀನಿನ ಹೆಸರು ಸ್ಟ್ರೈಪ್ಡ್ ಬಾಸ್. ಬೆಳ್ಳಿ ಮೈ ಮೇಲೆ ಏಳೆಂಟು ಕಪ್ಪು ಗೆರೆ, ಹಾಗಾಗಿ ನಾವು ಪಟ್ಟೆ ಬಾಸ್ ಅನ್ನೋಣ. ಹಿಲ್ಸಾಗೂ ಇದಕ್ಕೂ ರಕ್ತಸಂಬಂಧ ಇಲ್ಲ. ಆದರೆ ಬದುಕಿನ ರೀತಿ ಒಂದೇ: ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ನದಿಗೆ ಹತ್ತುತ್ತೆ. ಅಮೆರಿಕದ ಪೂರ್ವ ಕರಾವಳಿಯ ಚರಿತ್ರೆಯಲ್ಲಿ ಇದು ಮೊದಲಿಂದಲೂ ಇದೆ. 1639ರಲ್ಲೇ ಮ್ಯಾಸಚೂಸೆಟ್ಸ್ ವಸಾಹತು ಈ ಮೀನನ್ನ ಹೊಲಕ್ಕೆ ಗೊಬ್ಬರವಾಗಿ ಹಾಕಬಾರದು ಅಂತ ಕಾನೂನು ಮಾಡಿತು. ಅಂದರೆ ಅಷ್ಟು ಸಿಗ್ತಿತ್ತು. 1879ರಲ್ಲಿ ನ್ಯೂಜೆರ್ಸಿಯಿಂದ ನೂರಮೂವತ್ತು ಚಿಲ್ಲರೆ ಮರಿಗಳನ್ನ ರೈಲಿನಲ್ಲಿ ಹಾಕಿಕೊಂಡು ಇಡೀ ಖಂಡ ದಾಟಿಸಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಬಿಟ್ಟರು. ಮೂರು ವರ್ಷದ ಮೇಲೆ ಇನ್ನೊಂದಿಷ್ಟು. ಇಪ್ಪತ್ತು ವರ್ಷದೊಳಗೆ ಅಲ್ಲಿ ಅದೊಂದು ದೊಡ್ಡ ಮೀನುಗಾರಿಕೆಯೇ ಆಗಿಹೋಯ್ತು.

ಇನ್ನು ಚಳಿಗಾಲ. ಇದು ಸ್ವಲ್ಪ ವಿಜ್ಞಾನ, ಬೇಜಾರಾಗಬೇಡಿ. ಸಮುದ್ರದ ನೀರು ಉಪ್ಪು, ಹಾಗಾಗಿ ಸೊನ್ನೆಯಲ್ಲಿ ಹೆಪ್ಪುಗಟ್ಟಲ್ಲ, ಮೈನಸ್ 1.8 ಡಿಗ್ರಿಯ ಹತ್ತಿರ ಹೋದಾಗ ಗಟ್ಟುತ್ತೆ. ಆದರೆ ಸಾಮಾನ್ಯ ಮೀನಿನ ರಕ್ತ ಮೈನಸ್ 0.7ರ ಆಸುಪಾಸಿನಲ್ಲೇ ಹೆಪ್ಪುಗಟ್ಟೋಕೆ ಶುರುವಾಗುತ್ತೆ. ಅಂದರೆ ನೀರು ಇನ್ನೂ ನೀರಾಗಿಯೇ ಇರುತ್ತೆ, ಒಳಗಿನ ಮೀನು ಮಾತ್ರ ಸಾಯುತ್ತೆ. ಅದಕ್ಕೇ ಉತ್ತರದ ಪಟ್ಟೆ ಬಾಸ್ ಚಳಿಗಾಲಕ್ಕೆ ತಾವು ಹುಡುಕಿಕೊಳ್ಳಲೇಬೇಕು. ಕೆಲವು ದಕ್ಷಿಣಕ್ಕೆ ಇಳಿದು ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ ಕಡೆಯ ಸಮುದ್ರದಲ್ಲಿ ಇರ್ತವೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಒಂದು ಹಿಂಡು ಸಮುದ್ರ ಬಿಟ್ಟು ಶುಬೆನಾಕಡಿ ನದಿ ಹತ್ತಿ ಒಳನಾಡಿನ ಒಂದು ಸಿಹಿನೀರ ಸರೋವರದಲ್ಲಿ ಚಳಿ ಕಳೆಯುತ್ತೆ. ಇನ್ನು ಕೆಲವು ಎಲ್ಲೂ ಹೋಗದೆ ಅಳಿವೆಯಲ್ಲೇ, ಅಂದರೆ ನದಿ ಸಮುದ್ರ ಸೇರೋ ಜಾಗದಲ್ಲೇ, ಅಲ್ಲಾಡದೆ ಬಿದ್ದಿರ್ತವೆ. ಆದ್ದರಿಂದ "ತಣ್ಣಗಿನ ಕರಾವಳಿ ನೀರಲ್ಲಿ ಈ ಮೀನು ಚಳಿಗಾಲ ಕಳೆಯುತ್ತಾ?" ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ಯಾವ ನದಿ, ಯಾವ ವಯಸ್ಸು ಅಂತ ನೋಡಬೇಕು. ಈ "ಯಾವ ವಯಸ್ಸು" ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನ್ಯೂಯಾರ್ಕಿನಲ್ಲಿ ಮ್ಯಾನ್‌ಹಟನ್ನಿನ ಪಶ್ಚಿಮ ದಂಡೆಯ ಹಳೇ ಎತ್ತರದ ರಸ್ತೆ 1973ರ ಡಿಸೆಂಬರಿನಲ್ಲಿ ಲಾರಿಯೊಂದರ ಭಾರಕ್ಕೆ ಕುಸಿಯಿತು. ಅದರ ಜಾಗಕ್ಕೆ ಬಂದ ಯೋಜನೆಯ ಹೆಸರು ವೆಸ್ಟ್‌ವೇ. ಹಡ್ಸನ್ ನದಿಯ ಅಂಚಿನಲ್ಲಿ ಸುಮಾರು 200 ಎಕರೆ ಮಣ್ಣು ತುಂಬಿಸಿ, ಅದರೊಳಗೆ ಹೆದ್ದಾರಿ ಹೂತು, ಮೇಲೆ ಉದ್ಯಾನ, ಕಟ್ಟಡ. ಖರ್ಚು 200 ಕೋಟಿ ಡಾಲರಿಗೂ ಮೇಲೆ. ಮೇಯರ್, ಗವರ್ನರ್, ಬ್ಯಾಂಕು, ಕಾರ್ಮಿಕ ಸಂಘ ಎಲ್ಲರೂ ಪರ. 1981ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ ಸ್ವತಃ ಬಂದು ಮೇಯರ್ ಎಡ್ ಕಾಚ್ ಕೈಗೆ 8.5 ಕೋಟಿ ಡಾಲರಿನ ಚೆಕ್ ಕೊಟ್ಟರು. ಚೆಕ್ ಅಂದರೆ ನಮ್ಮ ಕ್ರಿಕೆಟ್ಟಿನಲ್ಲಿ ಕೊಡ್ತಾರಲ್ಲ, ಆ ಥರ ದೊಡ್ಡದು.

ಪರಿಸರದ ವರದಿ ಇರಲಿಲ್ವಾ? ಇತ್ತು. 1977ರ ವರದಿ ಪ್ರಕಾರ ಅಲ್ಲಿನ ಹಳೇ ಹಡಗುಕಟ್ಟೆಗಳ ನಡುವಿನ ನೀರಲ್ಲಿ ಜೀವ ಅನ್ನೋದು ಹೆಚ್ಚುಕಡಿಮೆ ಇರಲೇ ಇಲ್ಲ. ಕೊಳಚೆ, ಹೂಳು, ಕೊಳೆತ ಮರದ ಕಂಬ. ನೋಡಿದವರು ಯಾರಾದರೂ ಹಾಗೇ ಹೇಳ್ತಿದ್ರು. ಆಮೇಲೆ 1979–80ರಲ್ಲಿ ಬಲೆ ಬಿಟ್ಟು ಮತ್ತೊಮ್ಮೆ ನೋಡಿದಾಗ ಚಳಿಗಾಲದಲ್ಲಿ ಆ ಕೊಳೆತ ಕಂಬಗಳ ಸಂದಿಯಲ್ಲಿ ಪಟ್ಟೆ ಬಾಸಿನ ಮರಿಗಳು ಸಿಕ್ಕವು. ಮೇಲುನದಿಯಲ್ಲಿ ಹುಟ್ಟಿ ಇನ್ನೂ ಸಮುದ್ರಕ್ಕೆ ಹೋಗದ ಎಳೆಯ ಮೀನುಗಳು. ನದಿಯ ಸೆಳವು ತಪ್ಪುವ ಆ ಜಾಗದಲ್ಲಿ ಗುಂಪುಗುಂಪಾಗಿ ಚಳಿ ಕಳೀತಿದ್ದವು.

ಸಿಯೆರಾ ಕ್ಲಬ್ ಮತ್ತಿತರರು ಕೋರ್ಟಿಗೆ ಹೋದರು. 1982ರಲ್ಲಿ ನ್ಯಾಯಾಧೀಶ ಥಾಮಸ್ ಗ್ರೀಸಾ ಅನುಮತಿ ತಡೆದರು. ಮೀನಿನ ವಿಷಯವನ್ನ ಸರಿಯಾಗಿ ನೋಡದೆ, ಜನರಿಗೆ ಹೇಳದೆ ಮಣ್ಣು ತುಂಬೋಕೆ ಒಪ್ಪಿಗೆ ಕೊಟ್ಟಿದ್ದೀರಿ ಅಂತ. ಸೇನೆಯ ಎಂಜಿನಿಯರಿಂಗ್ ದಳ ಮತ್ತೆ ಅಧ್ಯಯನಕ್ಕೆ ಇಳೀತು. ಮೊದಲು ಎರಡು ಚಳಿಗಾಲ ನೋಡ್ತೀವಿ ಅಂದರು, ಆಮೇಲೆ ಒಂದೇ ಸಾಕು ಅಂದರು. 1984ರ ಕರಡು ವರದಿ ಮೀನಿಗೆ ಗಣನೀಯ ಹಾನಿ ಆಗುತ್ತೆ ಅಂತ ಬರೆದಿತ್ತು. ಅದೇ ವರ್ಷದ ಕೊನೆಗೆ ಬಂದ ಅಂತಿಮ ವರದಿಯಲ್ಲಿ ಆ ಹಾನಿ ಅಲ್ಪ ಆಗಿಬಿಟ್ಟಿತ್ತು! ಕೋರ್ಟಿನಲ್ಲಿ ವಕೀಲರು ಕೇಳಿದ್ದು ಸರಳ: ನಡುವೆ ಏನು ಬದಲಾಯ್ತು? ಸಾಕ್ಷಿಗಳಿಗೆ ಉತ್ತರ ಹೇಳೋಕೆ ಬರಲಿಲ್ಲ. 1985ರ ಆಗಸ್ಟಿನಲ್ಲಿ ಗ್ರೀಸಾ ಎರಡನೇ ಸಲ ತಡೆದರು, ಸೆಪ್ಟೆಂಬರಿನಲ್ಲಿ ಮೇಲಿನ ಕೋರ್ಟೂ ಅದನ್ನ ಎತ್ತಿಹಿಡಿಯಿತು. ನಗರ ಕೈಚೆಲ್ಲಿತು. ಹೆದ್ದಾರಿಯ ದುಡ್ಡಿನಲ್ಲಿ ದೊಡ್ಡ ಪಾಲು ಸಬ್‌ವೇ, ಬಸ್ಸಿಗೆ ಹೋಯ್ತು.

ಒಂದು ಮಾತು ಸೇರಿಸಲೇಬೇಕು. ವೆಸ್ಟ್‌ವೇ ವಿರೋಧಿಸಿದವರೆಲ್ಲ ಮೀನಿನ ಪ್ರೇಮಿಗಳಾಗಿರಲಿಲ್ಲ. ಬಹಳ ಜನಕ್ಕೆ ಹೆದ್ದಾರಿ ಬೇಡವಾಗಿತ್ತು, ಮೀನು ಕೈಗೆ ಸಿಕ್ಕ ಆಯುಧ. ಅದು ನಿಜ. ಆದರೆ ಆಯುಧ ಸಿಕ್ಕಿದ್ದು ಯಾಕೆ? ಮಣ್ಣು ಹಾಕೋ ಮುಂಚೆ ನೀರಿನಲ್ಲಿ ಏನಿದೆ ಅಂತ ನೋಡಲೇಬೇಕು ಅನ್ನೋ ಕಾನೂನು ಇತ್ತು, ಆ ನೋಟ ಬೇಸಿಗೆಗೆ ಮಾತ್ರ ನಿಲ್ಲದೆ ಚಳಿಗಾಲಕ್ಕೂ ಹೋಯ್ತು.

ಈಗ ಮನೆಗೆ ಬರೋಣ. 1985. ನ್ಯೂಯಾರ್ಕಿನಲ್ಲಿ ಮೀನು ಗೆದ್ದ ಅದೇ ವರ್ಷ ವಿಶ್ವಬ್ಯಾಂಕ್ ಸರ್ದಾರ್ ಸರೋವರ ಅಣೆಕಟ್ಟು ಮತ್ತು ಕಾಲುವೆಗೆ 45 ಕೋಟಿ ಡಾಲರ್ ಸಾಲ ಒಪ್ಪಿತು.

ಮಂಗಳೂರು, ಮುಂಬೈ ಕಡೆಯಿಂದ ರೈಲಿನಲ್ಲಿ ಅಹಮದಾಬಾದಿಗೆ ಬಂದವರಿಗೆ ಭರೂಚ್ ಗೊತ್ತಿರುತ್ತೆ. ಸೇತುವೆ ಮೇಲೆ ರೈಲು ನಿಧಾನ ಆಗುತ್ತೆ, ಪಕ್ಕದಲ್ಲಿ 1881ರ ಗೋಲ್ಡನ್ ಬ್ರಿಡ್ಜ್ ಕಾಣುತ್ತೆ, ಜನ ಕಿಟಕಿಯಿಂದ ನರ್ಮದಾ ಮಾತೆಗೆ ನಾಣ್ಯ ಎಸೀತಾರೆ. ಆ ನೀರು ಹಿಲ್ಸಾದ ದಾರಿ. ಮುಂಗಾರಿನಲ್ಲಿ ನದಿಗೆ ಕೆಂಪು ನೀರು ಬಂದ ಕೂಡಲೇ ಖಂಭಾತ್ ಕೊಲ್ಲಿಯಿಂದ ಮೀನು ಮೇಲಕ್ಕೆ ಹತ್ತುತ್ತೆ. ಭರೂಚಿನ ಮಾಛಿ ಸಮುದಾಯದವರು ಇದನ್ನ ಪಲ್ವಾ ಅಂತಾರೆ. ದಾದಾ ಹೇಳೋ ಪಲ್ಲಾ, ಗೋದಾವರಿಯವರ ಪುಲಸ, ಬಂಗಾಳಿಗಳ ಇಲಿಶ್ ಎಲ್ಲ ಒಂದೇ ಮೀನು.

ಈ ಮೀನಿಗೆ ಚರಿತ್ರೆ ಕಮ್ಮಿ ಇಲ್ಲ. ಗುಜರಾತಿನಲ್ಲಿ ದಂಗೆ ಎದ್ದವನನ್ನ ಅಟ್ಟಿಸಿಕೊಂಡು ಸಿಂಧ್‌ಗೆ ಹೋದ ಮುಹಮ್ಮದ್ ಬಿನ್ ತುಘಲಕ್ 1351ರಲ್ಲಿ ಠಟ್ಟಾದ ಹತ್ತಿರ ಮೀನು ತಿಂದ ಮೇಲೆ ಜ್ವರ ಹೆಚ್ಚಾಗಿ ಸತ್ತ. ಆ ಮೀನು ಪಲ್ಲಾವೇ ಅಂತ ಆಮೇಲಿನವರು ಹೇಳಿಕೊಂಡು ಬಂದಿದ್ದಾರೆ. ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವನು ನಮಗೂ ಪರಿಚಯದವನೇ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಮೈಸೂರು, ಕೆನರಾ, ಮಲಬಾರ್ ಸುತ್ತಿ ಊರೂರಿನ ಬೆಳೆ, ಜಾತಿ, ತೆರಿಗೆ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ ಇದ್ದಾನಲ್ಲ, ಅವನೇ. ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಾಯಿಸಿಕೊಂಡು 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ತಂದ. ಬಂಗಾಳಿ ಹೆಸರನ್ನೇ ಇಟ್ಟು "ಇಲಿಶಾ" ಅಂದ. 1873ರಲ್ಲಿ ಫ್ರಾನ್ಸಿಸ್ ಡೇ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಆಗಲೇ ದೂರು ಶುರುವಾಗಿದೆ: ನದಿಗಳಿಗೆ ಅಡ್ಡ ಕಟ್ಟೆ ಕಟ್ಟುವಾಗ ಮೀನಿಗೆ ದಾರಿ ಬಿಟ್ಟಿಲ್ಲ.

ಆ ಮೇಲಿನದು ಒಂದರ ಹಿಂದೆ ಒಂದು. ಸಿಂಧೂ ನದಿಗೆ 1932ರಲ್ಲಿ ಸುಕ್ಕೂರ್, 1955ರಲ್ಲಿ ಕೋಟ್ರಿ. ದಾದಾ ನಂಬಿರೋ ಜಿಂದಾಪೀರರ ದರ್ಶನ ಅಲ್ಲಿಗೆ ನಿಂತಿತು. ನಮ್ಮ ಕಾವೇರಿಯೂ ಇದಕ್ಕೆ ಹೊರತಲ್ಲ. 1924ರ ಒಪ್ಪಂದದ ಬಗ್ಗೆ ನಾವು ಕನ್ನಡಿಗರು ಎಷ್ಟೋ ಜಗಳ ಆಡಿದೀವಿ, ಆ ಒಪ್ಪಂದದ ಮೇಲೆ 1934ರಲ್ಲಿ ಎದ್ದ ಮೆಟ್ಟೂರಿನ ಕೆಳಗೆ ಕಾವೇರಿಯ ಹಿಲ್ಸಾ ಕುಸಿದ ಕಥೆ ಮಾತ್ರ ಎರಡೂ ಕಡೆಯವರ ಬಾಯಲ್ಲಿ ಬಂದಿದ್ದು ನಾನು ಕೇಳಿಲ್ಲ. ಗಂಗೆಗೆ 1975ರಲ್ಲಿ ಫರಕ್ಕಾ. ಅದಕ್ಕೂ ಮುಂಚೆ ಇಲಿಶ್ ಅಲಹಾಬಾದ್ ದಾಟಿ ಮೇಲಕ್ಕೆ ಹೋಗ್ತಿತ್ತು.

ನೋಡಿ, ಈ ಎಲ್ಲ ಕಥೆಯಲ್ಲೂ ನಾವು ನೋಡಿದ್ದು ದೊಡ್ಡ ಮೀನನ್ನ, ಅದು ಮೇಲೆ ಹತ್ತೋದನ್ನ. ಮರಿಗಳನ್ನ ಕೇಳಿದವರು ಯಾರು? ಮುಂಗಾರಿನಲ್ಲಿ ಇಟ್ಟ ಮೊಟ್ಟೆ ಒಡೆದು ಬಂದ ಮರಿ ತಕ್ಷಣ ಸಮುದ್ರಕ್ಕೆ ಓಡಲ್ಲ. ನಮ್ಮ ಚಳಿಗಾಲದ ತಿಂಗಳುಗಳಲ್ಲಿ ನದಿಯಲ್ಲಿ, ಅಳಿವೆಯ ಸಿಹಿ-ಉಪ್ಪು ಬೆರೆತ ನೀರಲ್ಲಿ ಬೆಳೆಯುತ್ತೆ. ಹಡ್ಸನ್ ಕಂಬಗಳ ಸಂದಿಯ ಮರಿಗಳ ಹಾಗೇ. ಅಲ್ಲಿ ಹಿಮ, ಇಲ್ಲಿ ಹಿಮ ಇಲ್ಲ, ಅಷ್ಟೇ ವ್ಯತ್ಯಾಸ.

ಬಾಂಗ್ಲಾದೇಶ ಇದನ್ನ ಕೇಳಿತು. ಅಲ್ಲಿ ಹಿಲ್ಸಾ ಮರಿಗೆ ಜಾಟ್ಕಾ ಅಂತ ಹೆಸರು. 25 ಸೆಂಟಿಮೀಟರಿಗಿಂತ ಚಿಕ್ಕದನ್ನ ನವೆಂಬರಿನಿಂದ ಜೂನ್‌ವರೆಗೆ ಹಿಡಿಯೋ ಹಾಗಿಲ್ಲ. ಮರಿ ಬೆಳೆಯೋ ನದೀಭಾಗಗಳನ್ನ ಗುರುತಿಸಿ ಅಭಯಧಾಮ ಮಾಡಿದರು, ಬಲೆ ಇಳಿಸದ ಬೆಸ್ತರ ಮನೆಗೆ ಅಕ್ಕಿ ಕೊಟ್ಟರು. ಪೊಲೀಸು, ಕದ್ದು ಹಿಡಿಯೋದು, ಅಕ್ಕಿ ಸರಿಯಾಗಿ ತಲುಪದೇ ಇರೋದು ಎಲ್ಲ ಇತ್ತು. ಆದರೂ 2002–03ರಲ್ಲಿ ಸುಮಾರು 2 ಲಕ್ಷ ಟನ್ ಇದ್ದ ಹಿಡುವಳಿ 2017–18ಕ್ಕೆ 5 ಲಕ್ಷ ಟನ್ ದಾಟಿತು. ಮರಿ ಎಲ್ಲಿದೆ ಅಂತ ತಿಳಿದುಕೊಂಡು ಅದನ್ನ ಕಾಯ್ದದ್ದು ಇದಕ್ಕೆ ಒಂದು ಮುಖ್ಯ ಕಾರಣ.

ನರ್ಮದೆಯಲ್ಲಿ ಏನಾಯ್ತು? ಸರ್ದಾರ್ ಸರೋವರಕ್ಕೆ 1987ರಲ್ಲಿ ಪರಿಸರ ಅನುಮತಿ ಸಿಕ್ಕಿತು, ಷರತ್ತಿನ ಮೇಲೆ. ಅಧ್ಯಯನಗಳು ಇನ್ನೂ ಮುಗಿದಿರಲಿಲ್ಲ. ಕಟ್ಟುತ್ತಾ ಕಟ್ಟುತ್ತಾ ಮಾಡಿ ಮುಗಿಸಿ ಅನ್ನೋ ಲೆಕ್ಕ. 1992ರಲ್ಲಿ ವಿಶ್ವಬ್ಯಾಂಕ್ ತಾನೇ ನೇಮಿಸಿದ ಬ್ರಾಡ್‌ಫರ್ಡ್ ಮೋರ್ಸ್ ಸಮಿತಿ ವರದಿ ಕೊಟ್ಟಿತು. ಮುಳುಗಡೆ, ಪುನರ್ವಸತಿಯ ವಿಷಯಕ್ಕೆ ಆ ವರದಿ ಪ್ರಸಿದ್ಧ. ಆದರೆ ಅದರಲ್ಲಿ ಅಣೆಕಟ್ಟಿನ ಕೆಳಗಿನ ನದಿಯ ಬಗ್ಗೆಯೂ ಇದೆ: ಕೆಳಭಾಗದ ಪರಿಣಾಮವನ್ನ ಸರಿಯಾಗಿ ಅಳೆದೇ ಇಲ್ಲ, ಹಿಲ್ಸಾ ಮೀನುಗಾರಿಕೆ ಭಾರಿ ಪೆಟ್ಟು ತಿನ್ನುತ್ತೆ ಅಂತ. 1993ರಲ್ಲಿ ಬ್ಯಾಂಕಿನ ಸಾಲ ನಿಂತಿತು, ಅಣೆಕಟ್ಟು ನಿಲ್ಲಲಿಲ್ಲ.

2000ದ ಅಕ್ಟೋಬರ್ 18ರಂದು ಸುಪ್ರೀಂ ಕೋರ್ಟು ಎರಡಕ್ಕೆ ಒಂದು ಬಹುಮತದಿಂದ ಮುಂದುವರಿಸಿ ಅಂದಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಸ್. ಪಿ. ಭರೂಚಾ. ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಅಧ್ಯಯನ ಇಲ್ಲದೆ ಕೊಟ್ಟ ಅನುಮತಿ ಅನುಮತಿಯೇ ಅಲ್ಲ, ಮೊದಲು ಪರಿಶೀಲಿಸಿ, ಅಲ್ಲಿವರೆಗೆ ಕಟ್ಟೋದು ನಿಲ್ಲಿಸಿ ಅನ್ನೋದು ಅವರ ನಿಲುವು. ಮೀನನ್ನ ಮನಸ್ಸಲ್ಲಿಟ್ಟುಕೊಂಡು ಅವರು ಬರೆದದ್ದಲ್ಲ. ಆದರೆ ಗ್ರೀಸಾ ಕೇಳಿದ ಪ್ರಶ್ನೆಯೂ ಹತ್ತಿರ ಹತ್ತಿರ ಅದೇ. ಅವರ ಮನೆತನದ ಹೆಸರಿನ ಅರ್ಥ "ಭರೂಚಿನವರು" ಅಂತ, ಇದನ್ನ ನಾನು ಸುಮ್ಮನೆ ಹೇಳಿದೆ.

ಇಲ್ಲಿ ನಾನು ತೀರ್ಪು ಕೊಡೋ ಗತ್ತಿನಲ್ಲಿ ಮಾತಾಡಿದರೆ ತಪ್ಪಾಗುತ್ತೆ. ಯಾಕೆ ಅಂದರೆ ನವರಂಗಪುರದ ನನ್ನ ನಲ್ಲಿಯಲ್ಲಿ ಬರೋದು ನರ್ಮದೆಯ ನೀರು. ಸಂಜೆ ನಾವು ವಾಕಿಂಗ್ ಹೋಗೋ ರಿವರ್‌ಫ್ರಂಟಿನಲ್ಲಿ ತುಂಬಿ ನಿಂತಿರೋದು ಸಾಬರಮತಿಯ ನೀರಲ್ಲ, ನರ್ಮದಾ ಕಾಲುವೆಯಿಂದ ಬಿಟ್ಟ ನೀರು. ಗುಜರಾತಿನೊಳಗೆ 458 ಕಿಲೋಮೀಟರ್ ಓಡಿ ರಾಜಸ್ಥಾನಕ್ಕೆ ಹೋಗೋ ಕಾಲುವೆ ಅದು. ಕಚ್ಛ್, ಸೌರಾಷ್ಟ್ರದಲ್ಲಿ ಟ್ಯಾಂಕರಿಗೆ ಕಾದು ನಿಂತವರನ್ನ ಕೇಳಿದರೆ ಅವರು ಮೀನಿನ ಮಾತಿಗೆ ನಗ್ತಾರೆ, ನಗೋ ಹಕ್ಕು ಅವರಿಗಿದೆ. ನೀರು ಬೇಡ ಅಂತ ನಾನು ಹೇಳ್ತಿಲ್ಲ. ನದಿಗೇ ಎಷ್ಟು ಬಿಡಬೇಕು ಅನ್ನೋ ಲೆಕ್ಕ ಹಾಕುವಾಗ ಅಳಿವೆಯಲ್ಲಿ ಯಾರಿದ್ದಾರೆ ಅಂತ ಕೇಳಿದರಾ, ಅದು ನನ್ನ ಪ್ರಶ್ನೆ. ಅಣೆಕಟ್ಟಿನ ಕೆಳಕ್ಕೆ ಬಿಡ್ತಿದ್ದದ್ದು ಸೆಕೆಂಡಿಗೆ 600 ಘನ ಅಡಿ. ಅಷ್ಟು ಅಗಲದ ನದಿಗೆ ಅದು ಒಂದು ಗೆರೆ. ಬೇಸಿಗೆಯಲ್ಲಿ ಖಂಭಾತಿನ ಉಬ್ಬರ ಭರೂಚಿನವರೆಗೆ ಉಪ್ಪು ತಂದು ಬಿಟ್ಟಿತು, ರೈತರ ಬೋರ್‌ವೆಲ್ ಕೆಟ್ಟವು, ಪಲ್ವಾ ವರ್ಷದಿಂದ ವರ್ಷಕ್ಕೆ ಕಮ್ಮಿಯಾಯ್ತು.

ಆ ಉಪ್ಪಿಗೆ ಮದ್ದು ಅಂತ ಬಂದದ್ದು ಇನ್ನೊಂದು ಕಟ್ಟೆ. ಭರೂಚಿನ ಕೆಳಗೆ, ಸಮುದ್ರದ ಕಡೆ, ಭಾಡ್‌ಭೂತ್‌ನಲ್ಲಿ. 2017ರ ಅಕ್ಟೋಬರಿನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅಣೆಕಟ್ಟಿನ ಎಲ್ಲ ಗೇಟು ಮುಚ್ಚಿದ್ದೂ ಅದೇ ವರ್ಷವೇ. ಉಪ್ಪುನೀರು ಮೇಲೆ ಬರದ ಹಾಗೆ ತಡೆದು ಒಳಗೆ ಸಿಹಿನೀರು ನಿಲ್ಲಿಸೋದು ಉದ್ದೇಶ. ಉದ್ಯಮಕ್ಕೂ ಊರಿಗೂ ಅದು ಅನುಕೂಲ. ಆದರೆ ಸಿಹಿ-ಉಪ್ಪು ಬೆರೆಯೋ ಜಾಗವೇ ಅಲ್ವಾ ಮರಿಗಳ ಮನೆ? ಗೋಡೆ ಬೀಳೋದು ಅದರ ನಡುವೆಯೇ. ಮಾಛಿ ಜನ ದೋಣಿ ಕಟ್ಟಿಕೊಂಡು ನದಿಯಲ್ಲೇ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿವರೆಗೆ ಹೋಯ್ತು. ಮೀನಿಗೆ ದಾರಿ ಇಡ್ತೀವಿ ಅಂತ ಯೋಜನೆಯವರು ಹೇಳ್ತಾರೆ. ಮೀನಿನ ಮೆಟ್ಟಿಲು ಅನ್ನೋದು ಸಾಮನ್ ಥರ ಹಾರೋ ಮೀನಿಗೆ ಸರಿ, ಹಿಲ್ಸಾ ಹಾಗೆ ಹಾರೋ ಮೀನಲ್ಲ. ಫರಕ್ಕಾದಲ್ಲಿ ನಲವತ್ತು ವರ್ಷ ಕಳೆದ ಮೇಲೆ, 2019ರಲ್ಲಿ, ಹಡಗಿನ ಲಾಕ್‌ಗೇಟನ್ನ ರಾತ್ರಿ ಒಂದರಿಂದ ಐದರವರೆಗೆ ತೆರೆದು ಇಲಿಶ್‌ಗೆ ದಾರಿ ಬಿಡೋ ಏರ್ಪಾಟು ಪ್ರಕಟಿಸಿದರು. ಗೇಟು ಅಂದರೆ ಅಷ್ಟಾದರೂ ಬೇಕು. ಅದೂ ಮೇಲೆ ಹತ್ತೋ ದೊಡ್ಡ ಮೀನಿಗೆ ಮಾತ್ರ. ಕೆಳಗೆ ಬೆಳೆಯೋ ಮರಿಗೆ ಬೇಕಾಗಿರೋದು ಗೇಟಲ್ಲ, ಬೆರೆತ ನೀರು.

ಈ ಮಾತು ಬರೆದು ಮುಗಿಸಿದ ಮೇಲೆ ಕೆಳಗೆ ಹೋಗಿ ದಾದಾಗೆ ನ್ಯೂಯಾರ್ಕಿನ ಕಥೆ ಹೇಳಿದೆ. ಕೊಳೆತ ಕಂಬಗಳ ನಡುವೆ ಚಳಿಗಾಲ ಕಳೆದ ಮರಿ ಮೀನು, ರೇಗನ್ನನ ಚೆಕ್ ಎಲ್ಲ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಪಟದ ಕಡೆ ನೋಡಿ, "ಭರೂಚಿನಲ್ಲಿ ಈ ವರ್ಷ ಪಲ್ಲಾ ಸಿಕ್ಕಿದೆಯಾ?" ಅಂದರು.

ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಊರಿಂದ ಬರುವಾಗ ಭರೂಚಿನಲ್ಲೇ ರೈಲು ಇಳಿದು ಕೇಳಿಕೊಂಡು ಬರ್ತೀನಿ ಅಂದೆ.

"ಸಿಕ್ಕರೆ ಒಂದು ತಗೊಂಡು ಬಾ," ಅಂದರು ದಾದಾ. ಆಮೇಲೆ ಎದ್ದು ಕಿಟಕಿ ಮುಚ್ಚಿದರು.